ದೊಡ್ಡಪ್ಪನ ಮೈಕು

ಸೌಂಡ್ ಅಕ್ಕ ಎಂದರೆ ಸಿನಿಮಾ ಯೂನಿಟ್ಟಿನಲ್ಲಿ ಎಲ್ಲರಿಗೂ ಒಂದಿಷ್ಟು ಅಳುಕು. ಅವಳು ದನಿ ಏರಿಸಿದ್ದನ್ನು ಯಾರೂ ಕೇಳಿರಲಿಲ್ಲ. ಆದರೆ ಶೂಟಿಂಗ್ ಜಾಗಕ್ಕೆ ಬಂದವಳೇ ಫ್ಯಾನು ನಿಲ್ಲಿಸಿ, ಗೋಡೆಯ ಗಡಿಯಾರ ಇಳಿಸಿ, ಆ ಬೂಟು ಕಿರುಗುಟ್ಟುತ್ತದೆ ಬಿಚ್ಚಿ ಎಂದು ಒಬ್ಬೊಬ್ಬರ ಬೆನ್ನು ಹತ್ತುತ್ತಿದ್ದಳು. ತಳ್ಳುಗಾಡಿಯ ಮೇಲೆ ಮೈಕುಗಳ ದನಿ ಏರಿಸಿ ಇಳಿಸುವ ಮಿಕ್ಸರ್, ಕಿವಿಯ ಮೇಲೆ ಹೆಡ್‌ಫೋನ್, ಪಕ್ಕದಲ್ಲಿ ಒಂದು ಬುಟ್ಟಿ. ಶಾಟ್‌ಗೆ ಮೊದಲು ನಟರ ಮೊಬೈಲುಗಳೆಲ್ಲ ಆ ಬುಟ್ಟಿಗೆ ಬೀಳಬೇಕು. ಜೇಬಿನಲ್ಲಿ ಮೊಬೈಲಿದ್ದರೆ ಅಂಗಿಯೊಳಗಿನ ಮೈಕಿನಲ್ಲಿ ಜೀರುಂಡೆ ಹೊಕ್ಕಂತೆ ಸದ್ದಾಗುತ್ತದೆ ಎಂಬುದು ಅವಳ ದೂರು. ಉದ್ದನೆಯ ಕೋಲಿನ ತುದಿಗೆ ಮೈಕು ಸಿಕ್ಕಿಸಿ ನಟರ ತಲೆಯ ಮೇಲೆ ಹಿಡಿಯುವವನು ಅವಳ ಸ್ವಂತ ತಮ್ಮ. ಅವನೂ ಆ ಕೋಲಿನಷ್ಟೇ ಉದ್ದ, ಅಷ್ಟೇ ಸಪೂರ.

ಅವಳಿಗೆ ಹೆದರದವರು ಒಬ್ಬರೇ, ದೊಡ್ಡಪ್ಪ. ನಾಯಕನ ದೊಡ್ಡಪ್ಪನಾಗಿ ನಟಿಸಿ ನಟಿಸಿ ಆ ಹೆಸರೇ ಅಂಟಿಕೊಂಡಿತ್ತು. ಎದೆಗೆ ಮೈಕು ಅಂಟಿಸಿ, ಸೊಂಟಕ್ಕೆ ಅದರ ದನಿ ಕಳಿಸುವ ಟ್ರಾನ್ಸ್‌ಮಿಟರ್ ಕಟ್ಟಿದರೆ ಮುಗಿಯಿತು, ಶಾಟ್‌ಗಳ ನಡುವೆ ಅವಳೊಬ್ಬಳಿಗೇ ಕೇಳುವಂತೆ ಪಿಸುಮಾತಿನ ಹರಟೆ ಶುರು. “ಮಗಳೇ, ಡೈರೆಕ್ಟರ್ ಮುಖ ನೋಡು, ಹಲ್ಲುನೋವಿನ ಎಮ್ಮೆ ಹಾಗಿದೆ.” ಅವಳು ದೂರದಿಂದಲೇ ಒಂದು ಕೈ ಎತ್ತಿ, ಕೇಳಿಸಿತು ಎಂದು ಹೇಳುವಳು. ಅವರ ಮಾತು ಅವಳಿಗೆ ಬರುತ್ತಿತ್ತು, ಅವಳ ಮಾತು ಅವರಿಗೆ ಹೋಗುವ ದಾರಿ ಇರಲಿಲ್ಲ.

ಆ ದಿನ ಶೂಟಿಂಗ್ ಇದ್ದದ್ದು ಊರಾಚೆಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ. ಕೆಳಗೆ ಸಾಮಾನು ಇಳಿಸುವ ದೊಡ್ಡ ಹಾಲು, ಮೇಲೆ ಎರಡು ಅಂತಸ್ತಿನ ತುಂಬ ಸಾಲುಸಾಲು ಕೋಣೆಗಳು. ಒಂದೊಂದಕ್ಕೂ ಗೇಣು ದಪ್ಪದ, ತಗಡು ಹೊದಿಸಿದ ಬಾಗಿಲು. ಹಾಲಿನಲ್ಲಿ ನಿಂತರೆ ಕಂಪ್ರೆಸರ್‌ಗಳ ಗುಡುಗುಡು ಅಂಗಾಲಿಗೇ ತಾಗುತ್ತಿತ್ತು.

“ಇದನ್ನ ನಿಲ್ಲಿಸದೆ ಇದ್ರೆ ಒಂದು ಮಾತೂ ಸಿಗಲ್ಲ,” ಎಂದಳು ಅಕ್ಕ.

ಮಷೀನು ನೋಡಿಕೊಳ್ಳುವವನು ಮುಖ ಗಂಟಿಕ್ಕಿದ. “ಜಾಸ್ತಿ ಹೊತ್ತು ಆಗಲ್ಲ ಮೇಡಂ. ಸಂಜೆ ಮೀನಿನ ಲಾರಿ ಬರತ್ತೆ. ತೊಳೆದು ಬಿಟ್ಟಿರೋ ರೂಮುಗಳನ್ನೆಲ್ಲ ಆಮೇಲೆ ಫುಲ್ ತಂಪು ಮಾಡ್ಬೇಕು.”

ಮತ್ತೆ ಚಾಲೂ ಮಾಡಿಸಲು ಮರೆತುಬಿಟ್ಟೇನು ಎಂದು ಅವಳು ತನ್ನ ಕಾರಿನ ಕೀಲಿಯನ್ನು ಸ್ವಿಚ್ ಬೋರ್ಡಿನ ಮೇಲಿಟ್ಟು ಬಂದಳು. ಅದು ಅವಳ ಅಭ್ಯಾಸ. ಅದಿಲ್ಲದೆ ಮನೆಗೆ ಹೋಗುವಂತಿಲ್ಲವಲ್ಲ.

ದೊಡ್ಡಪ್ಪನ ಭಾಗ ಬೇಗ ಮುಗಿಯಿತು. ಉಣ್ಣೆಯ ಕೋಟು ತೊಟ್ಟು ಸೆಕೆಯಲ್ಲಿ ಬೆಂದುಹೋಗಿದ್ದ ಅವರು, “ಎಲ್ಲಾದ್ರೂ ತಂಪಾದ ಜಾಗ ಹುಡುಕಿ ಬೆನ್ನು ಚಾಚ್ತೀನಿ ಮಗಳೇ,” ಎಂದು ಮೈಕಿನಲ್ಲಿ ಗೊಣಗಿಕೊಂಡು ಎದ್ದುಹೋದರು. ಅವಳು ಕೈ ಎತ್ತಿದಳು. ಉಳಿದ ನಟರ ಮಾತಿನ ಮೇಲೆ ಇವರ ಏದುಸಿರು ಬೀಳಬಾರದೆಂದು ಮಿಕ್ಸರಿನಲ್ಲಿ ಅವರ ಮೈಕಿನ ಲೈನನ್ನು ಪೂರ್ತಿ ಇಳಿಸಿದಳು; ಇನ್ನು ಅವರ ಮಾತು ಅವಳಿಗೂ ಕೇಳದು. ಎಲ್ಲ ಮುಗಿದ ಮೇಲೆ ಯಾರೂ ಅಲುಗಾಡದಂತೆ ನಿಲ್ಲಿಸಿ ಆ ಹಾಲಿನ ಬರಿಯ ಮೌನವನ್ನೂ ರೆಕಾರ್ಡ್ ಮಾಡಿಕೊಂಡಳು; ಎಡಿಟಿಂಗಿನಲ್ಲಿ ಮಾತುಗಳ ನಡುವೆ ಹೊಲಿಯಲು ಅದು ಬೇಕು. ಮಷೀನಿನವನಿಗೆ ಸನ್ನೆ ಮಾಡಿ ಕೀಲಿ ತೆಗೆದುಕೊಂಡಳು. ಗುಡುಗುಡು ಮತ್ತೆ ಎದ್ದಿತು.

ಗಾಡಿಗೆ ಸಾಮಾನು ತುಂಬುವಾಗ ಮೈಕುಗಳ ಪೆಟ್ಟಿಗೆಯನ್ನು ತಮ್ಮ ತಂದು ಮುಂದಿಟ್ಟ. ಒಂದು ಕುಳಿ ಖಾಲಿ ಇತ್ತು.

“ಅಕ್ಕಾ, ದೊಡ್ಡಪ್ಪಂದು ಬಂದಿಲ್ಲ.”

“ಕೋಟಿನ ಸಮೇತ ಮನೆಗೆ ಹೊರಟುಬಿಟ್ರಾ? ಒಂದು ಫೋನ್ ಮಾಡು.”

ಅವನು ಫೋನು ಮಾಡಿದ. ಅವಳ ಕಾಲ ಬಳಿಯ ಬುಟ್ಟಿಯಲ್ಲೇ ಮೊಬೈಲೊಂದು ಹಾಡತೊಡಗಿತು.

ಇಬ್ಬರೂ ಬುಟ್ಟಿಯನ್ನು ನೋಡಿದರು. ನಟರನ್ನು ಕರೆತರುವ ಡ್ರೈವರನ್ನು ಅಕ್ಕ ಕೇಳಿದಳು, ತನ್ನ ಕಾರು ಕದಲೇ ಇಲ್ಲ ಎಂದ. ಮೇಕಪ್ಪಿನವಳನ್ನು ಕೇಳಿದಳು, ಮಧ್ಯಾಹ್ನದಿಂದ ಕಂಡಿಲ್ಲ ಎಂದಳು. ಮಷೀನಿನವನು ಮಾತ್ರ ತಡೆದು ತಡೆದು ಹೇಳಿದ, “ತೊಳೆದ ರೂಮುಗಳ ಬಾಗಿಲು ಒಣಗ್ಲಿ ಅಂತ ತೆಗೆದಿಟ್ಟಿದ್ವಿ. ಚಾಲೂ ಮಾಡೋ ಮೊದ್ಲು ಆಳುಗಳು ಎಲ್ಲ ಮುಚ್ಚಿ ಬೀಗ ಹಾಕಿದ್ರು. ಒಳಗೆ ಯಾರು ಇಣುಕಿ ನೋಡ್ತಾರೆ?”

ಅವಳು ಹೆಡ್‌ಫೋನ್ ಏರಿಸಿ ದೊಡ್ಡಪ್ಪನ ಲೈನು ತೆರೆದಳು. ಬರೀ ಬುಸ್ಸೆನ್ನುವ ಸದ್ದು. ಅದರೊಳಗಿನಿಂದ, ಬಾವಿಯ ತಳದಿಂದ ಬಂದಂತೆ, ಒಂದೇ ಒಂದು ಚೂರು: “...ಗಳೇ...”

“ಎಲ್ಲ ನಿಲ್ಲಿಸಿ,” ಎಂದಳು. “ಮಷೀನು, ಫ್ಯಾನು, ಎಲ್ಲ.”

ಮಷೀನಿನವನು ಓಡಿದ. ಬೀಗದ ಕೀಲಿ ಗೊಂಚಲು ಗುಮಾಸ್ತನ ಬಳಿ, ಗುಮಾಸ್ತ ಊರೊಳಗೆ. ಕರೆದರೂ ಬರಲು ಹೊತ್ತು ಬೇಕು. ಇದ್ದದ್ದು ಒಂದು ಕಬ್ಬಿಣದ ಹಾರೆ; ಒಂದು ಬೀಗ ಒಡೆಯಲೇ ಬೆವರಿಳಿಯುತ್ತದೆ, ಬೀಗಗಳೋ ಎರಡು ಅಂತಸ್ತಿನ ತುಂಬ.

ಅವಳು ಮೈಕಿನ ದನಿ ಹಿಡಿಯುವ ರಿಸೀವರನ್ನು ತಳ್ಳುಗಾಡಿಯಿಂದ ಕಿತ್ತು ಕೊರಳಿಗೆ ನೇತುಹಾಕಿಕೊಂಡು ಮೆಟ್ಟಿಲೇರಿದಳು. ಮೊದಲ ಅಂತಸ್ತಿನಲ್ಲಿ ಏನೂ ಇಲ್ಲ. ಎರಡನೆಯದರ ಓಣಿಗೆ ಕಾಲಿಟ್ಟಾಗ ರಿಸೀವರಿನ ಹಸಿರು ದೀಪ ಮಿಣುಕಿತು, ದನಿ ತುಂಡುತುಂಡಾಗಿ ಬಂತು.

“...ಕತ್ತಲು. ಬಾಗಿಲು ಬಡಿದು ಬಡಿದು ಕೈ ಸತ್ತುಹೋಗಿದೆ... ನೀನು ಕೇಳಿಸ್ಕೊಳ್ತಿದೀಯಲ್ಲ ಅಂತ ಮಾತಾಡ್ತಿದೀನಿ... ಬೇಗ ಬಾ ಮಗಳೇ.”

ಅವಳಿಗೆ ಅರಿವಿಲ್ಲದೆಯೇ ಕೈ ಮೇಲೆದ್ದಿತ್ತು. ಯಾರಿಗೆ ಕಾಣಬೇಕು? ಓಣಿಯುದ್ದಕ್ಕೂ ಓಡಾಡಿದಳು. ತಗಡು ಹೊದ್ದ ಗೋಡೆಗಳು ಸಿಗ್ನಲ್ಲನ್ನು ಅತ್ತಿಂದಿತ್ತ ಎಸೆದಾಡುತ್ತಿದ್ದವು; ಒಂದು ಬಾಗಿಲೆದುರು ಏರಿದ್ದು ಹೆಜ್ಜೆ ಆಚೆ ಇಟ್ಟರೆ ಬೀಳುತ್ತಿತ್ತು, ಎದುರಿನ ಬಾಗಿಲಿಗೆ ಹೋದರೆ ಮತ್ತೆ ಏರುತ್ತಿತ್ತು. ಯಾವುದನ್ನು ನಂಬುವುದು? ಇದೇ ಎಂದು ತೋರಿಸಿ ಒಡೆಸಿದರೆ, ಅದು ಖಾಲಿ ಇದ್ದರೆ? ದೊಡ್ಡಪ್ಪನ ಸೊಂಟದಲ್ಲಿದ್ದದ್ದು ಬೆಳಗ್ಗೆ ಹಾಕಿದ ಬ್ಯಾಟರಿ. ರಿಸೀವರಿನಲ್ಲಿ ಅದರ ಗುರುತು ಕೆಂಪಗೆ ಮಿಂಚುತ್ತಿತ್ತು.

ಅಷ್ಟರಲ್ಲಿ ಯೂನಿಟ್ಟಿನವರೆಲ್ಲ ಮೇಲೆ ನುಗ್ಗಿದರು. ಬಾಗಿಲುಗಳನ್ನು ಗುದ್ದುವವರು ಗುದ್ದಿದರು, “ದೊಡ್ಡಪ್ಪಾ, ದೊಡ್ಡಪ್ಪಾ” ಎಂದು ಕೂಗುವವರು ಕೂಗಿದರು. ಹೆಡ್‌ಫೋನಿನ ಸಣ್ಣ ದನಿ ಆ ಗದ್ದಲದಲ್ಲಿ ಮುಳುಗಿಹೋಯಿತು.

“ಬಾಯಿ ಮುಚ್ಚಿ!”

ಅಕ್ಕನೇ ಕೂಗಿದ್ದು ಎಂದು ತಿಳಿಯಲು ಅವರಿಗೆ ಒಂದು ಗಳಿಗೆ ಬೇಕಾಯಿತು. ಡೈರೆಕ್ಟರ್ ಕೂಡ ಎತ್ತಿದ ಮುಷ್ಟಿಯನ್ನು ಹಾಗೇ ಹಿಡಿದು ನಿಂತರು.

ಮೌನ ಬಂತು. ಆದರೆ ಹೆಡ್‌ಫೋನಿನಲ್ಲೂ ಮೌನ. ದೊಡ್ಡಪ್ಪ ಮಾತು ನಿಲ್ಲಿಸಿದ್ದರು.

ಕಿವಿ ಒತ್ತಿ ಹಿಡಿದಳು. ಮೈಕು ಎದೆಯ ಮೇಲಿದೆ. ಉಸಿರಾಡಿದರೆ ಬಟ್ಟೆ ಸರಿಯುವ ಸದ್ದಾದರೂ ಬರಬೇಕು. ಬಂತೋ, ಬಂದಂತೆ ಅನ್ನಿಸಿತೋ. ಅವಳ ಎದೆಬಡಿತವೇ ಕಿವಿಯಲ್ಲಿ ಡವಗುಟ್ಟಿ ಏನೂ ಗೊತ್ತಾಗಲಿಲ್ಲ. ಈ ಲೈನನ್ನು ತನ್ನದೇ ಬೆರಳಿಂದ ಇಳಿಸಿದ್ದು ಆಗ ನೆನಪಿಗೆ ಬಂತು. ಗೋಡೆಗೆ ಒರಗಿದಳು. ಗೋಡೆ ಚುರ್ರೆನ್ನುವಷ್ಟು ತಣ್ಣಗಿತ್ತು.

“ಅಕ್ಕಾ,” ತಮ್ಮ ಹತ್ತಿರ ಬಂದು ಪಿಸುಗುಟ್ಟಿದ, “ಏನಾದ್ರೂ ಹೇಳು. ಏನು ಮಾಡ್ಲಿ?”

ಅವರು ಮಾತಾಡದಿದ್ದರೆ ಆ ಕೋಣೆಯೇ ಮಾತಾಡಬೇಕು. ಅವಳಿಗೆ ಹೊಳೆದದ್ದು ಅಷ್ಟೇ.

“ಒಂದೊಂದು ರೂಮಿನ ಒಳಗೆ ಗಾಳಿ ಊದೋ ಫ್ಯಾನಿಗೂ ಬೇರೆ ಸ್ವಿಚ್ ಇದೆಯಾ ಕೇಳು. ಇದ್ರೆ ಒಂದೊಂದಾಗಿ ಹಾಕ್ಲಿ, ತಕ್ಷಣ ಆರಿಸ್ಲಿ. ತಂಪಿನ ಮಷೀನು ಬೇಡ, ಬರೀ ಫ್ಯಾನು. ನೀನು ಮೆಟ್ಟಿಲ ಹತ್ರ ನಿಂತು ನನ್ನನ್ನೇ ನೋಡ್ತಿರು.”

ತಮ್ಮ ಮೆಟ್ಟಿಲಿಳಿದು ಸ್ವಿಚ್ ಬೋರ್ಡಿನ ಬಳಿಯಿದ್ದ ಮಷೀನಿನವನಿಗೆ ಹೇಳಿ, ಅರ್ಧ ಮೆಟ್ಟಿಲಿಗೆ ವಾಪಸು ಬಂದು ಕತ್ತು ಚಾಚಿ ನಿಂತ. ಅವಳು ಕಣ್ಣು ಮುಚ್ಚಿದಳು.

ಓಣಿಯ ಆ ತುದಿಯಲ್ಲಿ ಎಲ್ಲೋ ಫ್ಯಾನೊಂದು ತಿರುಗಿ ನಿಂತಿತು. ಹೆಡ್‌ಫೋನಿನಲ್ಲಿ ಏನಿಲ್ಲ. ಅವಳು ತಲೆ ಅಲ್ಲಾಡಿಸಿದಳು. ಇನ್ನೊಂದು. ಇಲ್ಲ. ಮತ್ತೊಂದು. ಇಲ್ಲ. ಯಾರೋ ಕೆಮ್ಮು ಬಂದು ಬಾಯಿಗೆ ತೋಳು ತುರುಕಿಕೊಂಡರು. ಮೇಕಪ್ಪಿನವಳು ಸದ್ದಿಲ್ಲದೆ ಅಳುತ್ತಿದ್ದಳು. ಹಸಿರು ದೀಪ ಆರಿ, ಹೊತ್ತಿ, ಆರಿ, ಅವಳ ಜೀವ ಬಾಯಿಗೆ ಬಂದು, ಮತ್ತೆ ಹೊತ್ತಿತು.

ಆಗ ಬಂತು. ಹೆಡ್‌ಫೋನಿನೊಳಗೆ ಗಾಳಿ ಎದ್ದಿತು, ಮೈಕಿಗೇ ಯಾರೋ ಊದಿದಂತೆ ಭರ್ರೆಂದು. ಹಿಂದೆಯೇ ತಗ್ಗಿ, ನಿಂತಿತು.

“ಈಗ ಹಾಕಿದ್ದು ಯಾವ್ದು?”

ತಮ್ಮ ಕೆಳಗೆ ಕೇಳಿ ಕೂಗಿದ. “ಎಡಗಡೆ ಕೊನೇದಕ್ಕಿಂತ ಹಿಂದಿಂದು.”

ಅವಳು ಅಲ್ಲಿಯವರೆಗೂ ಒಮ್ಮೆಯೂ ಅನುಮಾನಿಸದ ಬಾಗಿಲು. ಅಲ್ಲಿ ಸಿಗ್ನಲ್ ಎಲ್ಲಕ್ಕಿಂತ ಕಡಿಮೆ ಇತ್ತು. ಲೈಟಿನವರು ಹಾರೆ ಹಾಕಿ ಮೀಟಿದರು. ಜಗ್ಗಲಿಲ್ಲ. ಡೈರೆಕ್ಟರೂ ಕೈ ಹಾಕಿದರು. ಕೊಂಡಿ ಕಿತ್ತು ಬಂದು, ಬಾಗಿಲು ತೆರೆದದ್ದೇ ಬಿಳಿಯ ಹೊಗೆಯಂತಹ ತಣ್ಣನೆ ಗಾಳಿ ಅವರ ಮೊಣಕಾಲಿಗೆ ಸುತ್ತಿಕೊಂಡಿತು. ಅಕ್ಕ ಒಳಗೆ ಹೋಗಲಿಲ್ಲ. ಹೋಗಲು ಆಗಲಿಲ್ಲ. ಅಲ್ಲೇ ನಿಂತು ಹೆಡ್‌ಫೋನಿನಲ್ಲೇ ಕೇಳಿದಳು: ಓಡುವ ಹೆಜ್ಜೆಗಳು, ಬಟ್ಟೆಯ ಗರಗರ, ತಮ್ಮನ ದನಿ ಕಿವಿಗೇ ಅಪ್ಪಳಿಸುವಷ್ಟು ಹತ್ತಿರ, “ದೊಡ್ಡಪ್ಪಾ, ಕಣ್ಣು ಬಿಡಿ.” ಆಮೇಲೆ ಏನೂ ಇಲ್ಲ. ಆಮೇಲೆ ಹಲ್ಲು ಕಟಕಟಿಸುವ ಸದ್ದು.

ಅದಕ್ಕಿಂತ ಇಂಪಾದದ್ದನ್ನು ಅವಳು ಕೇಳಿರಲಿಲ್ಲ.

ಮರುದಿನ ಆಸ್ಪತ್ರೆಗೆ ಹೋದಾಗ ದೊಡ್ಡಪ್ಪ ದಿಂಬಿಗೆ ಒರಗಿ ಕುಳಿತಿದ್ದರು. ಎರಡು ಕೈಗೂ ಬಟ್ಟೆ ಸುತ್ತಿದ್ದರು. ಬೆರಳುಗಳಿಗೆ ಸ್ಪರ್ಶ ಬರಲು ದಿನ ಹಿಡಿಯುತ್ತದಂತೆ. ಹೆಂಡತಿ ಪಕ್ಕದಲ್ಲಿ ಕುಳಿತು ಗಂಜಿ ಕುಡಿಸುತ್ತಿದ್ದರು.

“ಬಾ ಮಗಳೇ. ಇವಳಿಗೆ ಅದನ್ನೇ ಹೇಳ್ತಿದ್ದೆ. ನೀನು ಕೇಳ್ತಿದೀಯ ಅನ್ನೋ ಧೈರ್ಯದ ಮೇಲೆ ಜೀವ ಹಿಡ್ಕೊಂಡಿದ್ದೆ.”

ಅವಳು ದಾರಿಯುದ್ದಕ್ಕೂ ಈ ಮಾತಿಗೇ ಹೆದರಿಕೊಂಡು ಬಂದಿದ್ದಳು. ಹೌದು ಎಂದು ತಲೆಯಾಡಿಸಿದ್ದರೆ ಮುಗಿಯುತ್ತಿತ್ತು.

“ಇಲ್ಲ ದೊಡ್ಡಪ್ಪ. ನಿಮ್ಮ ಲೈನು ಇಳಿಸಿಬಿಟ್ಟಿದ್ದೆ. ಪೆಟ್ಟಿಗೇಲಿ ಮೈಕು ಕಾಣ್ದೇ ಇದ್ದಾಗಲೇ ಹಾಕಿದ್ದು. ಅಲ್ಲೀ ತನಕ ನಂಗೆ ಏನೂ ಕೇಳಿಲ್ಲ.”

ಹೆಂಡತಿಯ ಚಮಚ ನಡುದಾರಿಯಲ್ಲೇ ನಿಂತಿತು. ದೊಡ್ಡಪ್ಪ ಅವಳತ್ತ ನೋಡಿದರು. ಮುಖದಲ್ಲಿ ನಿನ್ನೆಯ ಕತ್ತಲು ಒಮ್ಮೆ ಸುಳಿದುಹೋದದ್ದು ಅವಳಿಗೆ ಕಂಡಿತು.

“ಒಳಗಿದ್ದಾಗಲೂ ಒಂದ್ಸಲ ಹಾಗೆ ಅನ್ನಿಸ್ತು,” ಎಂದರು ಮೆಲ್ಲಗೆ. “ನೀನು ಲೈನು ಮುಚ್ಚಿದ್ರೆ ಏನು ಗತಿ ಅಂತ. ಆಮೇಲೂ ಮಾತಾಡ್ದೆ. ಸುಮ್ನಿದ್ರೆ ಇನ್ನೂ ಭಯ ಆಗ್ತಿತ್ತು.”

ಅವಳು ಮಂಚದ ಅಂಚಿಗೆ ಕುಳಿತಳು. ದೊಡ್ಡಪ್ಪ ಬಟ್ಟೆ ಸುತ್ತಿದ ಕೈಯನ್ನು ಅವಳ ಮಡಿಲಿಗೆ ಇಟ್ಟು, ಹೆಂಡತಿಯ ಕಡೆ ತಿರುಗಿದರು.

“ಗಂಜಿ ಆರೋಗ್ತಿದೆ ಕಣೇ,” ಎಂದರು. “ಬಿಸಿ ಬಿಸಿ ಕೊಡು.”