ಹಾಟ್‌ಸ್ಪಾಟಿನಲ್ಲಿ ನಾಮಕರಣ

ಯಾವ ಕೇಡಿಗೆ ಬೆಳಿಗ್ಗೆಯೆಲ್ಲ ತೊಟ್ಟಿಲು ಅಲಂಕಾರದ ವಿಡಿಯೊ ನೋಡುತ್ತ ಕೂತೆನೋ ಎಂದು ತನುಜಾ ತನ್ನನ್ನೇ ಬೈದುಕೊಂಡಳು. ಯಗಟಿಯಿಂದ ಕಡೂರಿಗೆ ಬಂದು ಅಜ್ಜಂಪುರದ ಬಸ್ಸು ಹಿಡಿದಿದ್ದಳು. ಬೀರೂರು ದಾಟಿದ್ದೇ ತಡ, ಟೈರು ಡಬ್ ಎಂದಿತು. ಅಜ್ಜಂಪುರದಲ್ಲಿ ಅಣ್ಣ ಕಾಂತರಾಜನ ಮಗಳ ನಾಮಕರಣ. ಹೆಸರು ಆರಿಸಿದವಳೂ, ಅದನ್ನು ಮಗುವಿನ ಕಿವಿಯಲ್ಲಿ ಹೇಳಬೇಕಾದವಳೂ ಸೋದರತ್ತೆಯಾದ ಇವಳೇ. ಆ ಹೆಸರನ್ನು ಇನ್ನೂ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ದೃಷ್ಟಿಯಾದೀತೆಂದು ಅವ್ವ ಕಲ್ಲಮ್ಮ ಫೋಟೊ ಕಳಿಸಲು ಬಿಡದ್ದರಿಂದ ಮಗುವಿನ ಮುಖವನ್ನೂ ಕಂಡಿರಲಿಲ್ಲ.

ಅಷ್ಟರಲ್ಲಿ ಅವ್ವನ ಫೋನು ಬಂತು.

"ಮುಹೂರ್ತ ಮೀರ್ತೈತೆ ಕಣೇ. ನೀನ್ ಬರ್ದಿದ್ರೆ ನಿಮ್ ದೊಡ್ಡಪ್ಪನ ಮಗಳು ಭವ್ಯನೇ ಒಂದು ಹೆಸ್ರು ಕರೀತಾಳೆ."

"ಬ್ಯಾಡವ್ವಾ! ಫೋನಲ್ಲೇ ಹೇಳ್ಬಿಡ್ತೀನಿ."

"ಮುಖ ನೋಡ್ದೆ ಹೆಸ್ರು ಕರೆಯೋದುಂಟೇನೇ? ವಿಡಿಯೊದಲ್ಲಾದ್ರೂ ಬಾ."

ವಿಡಿಯೊಗೆ ಡೇಟಾ ಎಲ್ಲಿದೆ? ಆ ದಿನದ ಪಾಲು ಪೂರ್ತಿ ಮುಗಿದಿತ್ತು. ರೀಚಾರ್ಜ್ ಮಾಡೋಣವೆಂದರೆ ಅದಕ್ಕೂ ಡೇಟಾ ಬೇಕು. ಹಗ್ಗವೇ ಬಾವಿಗೆ ಬಿದ್ದ ಮೇಲೆ ನೀರು ಸೇದುವುದು ಹೇಗೆ? ತನುಜಾಗೆ ಅಳುವೇ ಬಂತು.

ಪಕ್ಕದ ಸೀಟಿನಲ್ಲಿದ್ದ ಕಡೂರಿನ ಶಮ್ಶುನ್ನೀಸಾ ಮಾತೆಲ್ಲ ಕೇಳಿಸಿಕೊಂಡಿದ್ದರು. "ಅಳ್ಬೇಡ ಬೇಟಿ. ನನ್ ಫೋನಲ್ಲಿ ಡೇಟಾ ಸುಮ್ನೆ ಕೊಳೀತಾ ಬಿದ್ದೈತೆ. ಹಾಟ್‌ಸ್ಪಾಟ್ ಹಾಕ್ತೀನಿ, ತಗೋ."

ಆದರೆ ಬಸ್ಸು ನಿಂತದ್ದು ತಗ್ಗಿನಲ್ಲಿ. ಸಿಗ್ನಲ್ ಹುಡುಕುತ್ತ ತನುಜಾ ಪಕ್ಕದ ದಿಬ್ಬ ಹತ್ತಿದಳು. ಡೇಟಾ ಇದ್ದದ್ದು ಶಮ್ಶುನ್ನೀಸಾರ ಬಳಿಯಾದ್ದರಿಂದ ಅವರೂ ಬುರ್ಖಾ ಎತ್ತಿ ಹಿಡಿದು ಜೊತೆಗೇ ಹತ್ತಿದರು. ಇವಳು ಎಡಕ್ಕೆ ಸರಿದರೆ ಅವರೂ ಎಡಕ್ಕೆ. ನೊಗಕ್ಕೆ ಹೂಡಿದ ಜೋಡೆತ್ತುಗಳೇ ಸೈ.

"ನಿಧಾನ ಕಣಮ್ಮಾ, ಈ ಮಂಡಿಗೆ ನಿನ್ ವಯಸ್ಸಲ್ಲ!"

ದಿಬ್ಬದ ಮೇಲೆ ಚಿತ್ರ ಬಂತು. ಕೆಂಪು ಕುಲಾವಿಯೊಳಗೆ ಪುಟ್ಟ ಮುಖ, ಅದರಲ್ಲೊಂದು ಆಕಳಿಕೆ. ತನುಜಾಳ ಎದೆ ತುಂಬಿ ಬಂತು. ಕಾಂತರಾಜ ಫೋನನ್ನು ಮಗುವಿನ ಕಿವಿಗೆ ಹಿಡಿದ. ತಕ್ಷಣ ಚಿತ್ರ ನಿಂತುಹೋಯಿತು.

"ಹಲೋ! ಹಲೋ! ಕೇಳಿಸ್ತಾ? ಹಲೋ!"

ಆ ಕಡೆ ಎಲ್ಲವೂ ಕೇಳಿಸುತ್ತಿತ್ತು. ಮನೆತುಂಬ ನಗು. "ಅಯ್ಯೋ ಇವಳ ಮನೆ ಕಾಯೋಗ! ಮಗೀಗೆ ಹಲೋ ಅಂತ ಹೆಸ್ರಿಟ್ಬಿಟ್ಲಲ್ಲೋ!" ಎಂದು ಕಲ್ಲಮ್ಮ ಕೂಗಿದರು.

ತನುಜಾ ನಾಚಿ ನೀರಾದಳು. ಶಮ್ಶುನ್ನೀಸಾ ತಮ್ಮ ಫೋನನ್ನು ಕೈ ಎಟಕುವಷ್ಟು ಮೇಲಕ್ಕೆತ್ತಿದರು. ಚಿತ್ರ ಮತ್ತೆ ಅಲುಗಿತು. ತನುಜಾ ಫೋನಿಗೆ ತುಟಿ ಹಚ್ಚಿ, ಹೆಸರು ಕರೆಯುವ ಪದ್ಧತಿಯಂತೆ ಮೆಲ್ಲಗೆ, "ಕುರ್ರ್... ಭೂಮಿಕಾ" ಎಂದಳು. ಮಗು ಕಣ್ಣರಳಿಸಿತು.

ಹೆಸರು ಕರೆದ ಅತ್ತೆಯ ಬೆನ್ನಿಗೆ ಹೆಂಗಸರೆಲ್ಲ ಗುದ್ದುವುದು ಅವರ ಮನೆತನದ ವಾಡಿಕೆ; ಗುದ್ದು ಬಿದ್ದರೇ ಹೆಸರು ನಿಂತಂತೆ. ತೊಟ್ಟಿಲ ಸುತ್ತ ಕೈಗಳೇನೋ ಎದ್ದವು, ಬೆನ್ನು ಮಾತ್ರ ಅಲ್ಲಿರಲಿಲ್ಲ. ಇಷ್ಟೆಲ್ಲ ಮಾಡಿಯೂ ತಾನು ಅಲ್ಲಿಲ್ಲವಲ್ಲ ಎಂದು ತನುಜಾಗೆ ಸಂಕಟವಾಯಿತು.

"ಗುದ್ದೋರೇ ಇಲ್ವಲ್ಲವ್ವಾ..."

"ಗುದ್ದಬೇಕಾ? ಅಷ್ಟೇ ತಾನೆ?" ಎಂದ ಶಮ್ಶುನ್ನೀಸಾ ಅವಳ ಬೆನ್ನಿಗೆ ಧಪ್ಪನೆ ಒಂದು ಹಾಕಿದರು.

"ನಮ್ ಲೆಕ್ಕದ್ದೂ ಒಂದು ಹಾಕ್ರಮ್ಮಾ!" ಎಂದು ಫೋನಿನೊಳಗಿಂದ ಕಲ್ಲಮ್ಮ ಕೂಗಿದರು.

ಸುದ್ದಿ ಕೇಳಿ ಬಸ್ಸಿನ ಹೆಂಗಸರೆಲ್ಲ ಸೆರಗು ಸಿಕ್ಕಿಸಿಕೊಂಡು ದಿಬ್ಬ ಹತ್ತಿ ಬಂದರು. ಬೆನ್ನು ಚುರುಗುಟ್ಟುತ್ತಿದ್ದರೂ ತನುಜಾ ನಗುತ್ತ ಬಾಗಿಯೇ ನಿಂತಿದ್ದಳು.