ಮಿಂಚುಳ್ಳಿಯ ಸರದಿ

ಲಂಡನ್ನಿನ ಪಶ್ಚಿಮದಂಚಿನಲ್ಲಿ, ಜಲ್ಲಿ ತೆಗೆದು ತೆಗೆದು ಕೆರೆಯಾದ ಒಂದು ಹಳ್ಳವಿದೆ. ಅದರ ದಡದ ಹೈಡ್ರೋಪ್ಲೇನ್ ತಂಡಕ್ಕೆ ಯಜಮಾನನೆಂಬವನಿಲ್ಲ. ಬಡಗಿ, ಬಸ್ ಚಾಲಕಿ, ನಿವೃತ್ತ ಮೇಷ್ಟರು, ಡಾಕ್ಟರು, ಚಂದಾ ಕೊಟ್ಟವರೆಲ್ಲ ಯಜಮಾನರೇ. ನೀರನ್ನು ಸೀಳದೆ, ಅಲ್ಲಲ್ಲಿ ತಾಗಿ ಹಾರಿದಂತೆ ಓಡುವ ದೋಣಿಗಳು ಅವರವು. ಮೊದಲನೆಯದಾದ ಡೈಸಿ ಎದುರುಗಾಳಿಗೆ ಮೂತಿಯೆತ್ತಿ, ಹಿಂದಕ್ಕೆ ಲಾಗ ಹಾಕಿ ಹೋಳಾಗಿತ್ತು. ಎರಡನೆಯದು ಸೋರುವ ಶೆಡ್ಡಿನಲ್ಲಿ ಕೊಳೆತುಹೋಯಿತು. ಮೂರನೆಯದನ್ನು ಸದಸ್ಯರೇ ಸಟನ್ ಬಡಾವಣೆಯಲ್ಲಿ, ಒಂದು ಮನೆಯ ಕಾರು ನಿಲ್ಲಿಸುವ ಗ್ಯಾರೇಜಿನಲ್ಲಿ ಪ್ಲೈವುಡ್ ಕೊಯ್ದು ಕಟ್ಟಿದರು. ಗ್ಯಾರೇಜು ಕೃಷ್ಣವೇಣಿಯದು. ಇಟ್ಟ ಹೆಸರೂ ಅವಳದೇ: ಮಿಂಚುಳ್ಳಿ. ಎಲ್ಲರೂ ‘ಮಿಂಚೂಲಿ’ ಎನ್ನುತ್ತಿದ್ದರು. ಅವಳು ತಿದ್ದಲು ಹೋಗಲಿಲ್ಲ.

ಧಾರವಾಡದಿಂದ ಡಾಕ್ಟರನ ಹೆಂಡತಿಯಾಗಿ ಬಂದವಳು. ಮರಳುಕಾಗದ ಹಿಡಿದು ದೋಣಿಯ ತಳ ಉಜ್ಜುವಾಗ ಮಾತ್ರ ತಾನು ಯಾರ ಹೆಂಡತಿ, ಯಾರ ತಾಯಿ ಎಂಬುದು ಅವಳಿಗೆ ನೆನಪಾಗುತ್ತಿರಲಿಲ್ಲ.

ಪ್ರತಿ ವರ್ಷ ರೇಸುಗಳೆಲ್ಲ ಮುಗಿದ ಮೇಲೆ ಚೀಟಿಯಲ್ಲಿ ಹೆಸರು ಬಂದ ಸದಸ್ಯರೊಬ್ಬರು ದೋಣಿ ಓಡಿಸುವುದು ತಂಡದ ಪದ್ಧತಿ. ಬೇಸಿಗೆಗೆ ಮೊದಲೇ ಎತ್ತಿದ ಚೀಟಿಯಲ್ಲಿ ಈ ಸಲ ಅವಳ ಹೆಸರು ಬಂತು. ಅವಳಿಗೆ ಆಗದಿದ್ದರೆ ಇರಲಿ ಎಂದು ಎತ್ತಿದ ಇನ್ನೊಂದು ಚೀಟಿಯಲ್ಲಿ ಗಂಡ ಜಗನ್ನಾಥನ ಹೆಸರು.

“ಮನಿಯೊಳಗಽ ಉಳೀತು ಬಿಡು” ಎಂದು ಅವನು ನಕ್ಕಿದ್ದ.

ಬೇಸಿಗೆಯಿಡೀ ಇಬ್ಬರೂ ಕಲಿತರು. ಮೈ ಹಗುರಾದಷ್ಟೂ ದೋಣಿ ಬೇಗ ಮೇಲೇಳುತ್ತದೆ ಎಂದು ಯಾರೋ ಹೇಳಿದ್ದರು. ಕೃಷ್ಣವೇಣಿ ತನ್ನ ಸರದಿಗೆ ಮುಂಚಿನ ಏಕಾದಶಿಗೆ ತೊಟ್ಟು ನೀರೂ ಕುಡಿಯದೆ ಉಪವಾಸ ಮಾಡಿದಳು. ಪುಣ್ಯವೂ ಬಂತು, ತೂಕವೂ ಇಳಿಯಿತು ಎಂಬ ಹಂಚಿಕೆ. ಮರುದಿನ ಪಾರಣೆಗೆಂದು ಒಲೆಯ ಮುಂದೆ ನಿಂತಾಗ ಕಣ್ಣು ಕತ್ತಲಿಟ್ಟು ಕುಸಿದು ಕೂತಳು. ಬೆಲ್ಲದ ನೀರು ಕುಡಿದ ಮೇಲೆ ಸರಿಹೋಯಿತು. ಗಂಡ ಮನೆಗೆ ಬಂದಾಗ ತನ್ನ ಪೆದ್ದುತನವನ್ನು ತಾನೇ ನಗುತ್ತ ಹೇಳಿದಳು.

“ಈ ವಯಸ್ಸಿನಾಗ ರೇಸಿನ ಕುದುರಿ ಆಗಲಿಕ್ಕೆ ಹೊಂಟೀಯೇನು?” ಎಂದು ಛೇಡಿಸಿ, ನಾಡಿ ಹಿಡಿದು, “ಏನಾಗಿಲ್ಲ, ಉಣ್ಣು” ಎಂದಿದ್ದ.

ರೇಸುಗಳು ಮುಗಿದು ಅವಳ ಸರದಿ ಬಂದ ಭಾನುವಾರ ಅವಳು ಹೆಲ್ಮೆಟ್ ಹಿಡಿದು ದಡದಲ್ಲಿ ನಿಂತಿದ್ದಳು. ಅಧ್ಯಕ್ಷೆ ಬ್ರೆಂಡಾ ವಾಡಿಕೆಯಂತೆ ಕೇಳಿದಳು, ಯಾರಿಗಾದರೂ ಆಕ್ಷೇಪವಿದೆಯೇ ಎಂದು. ಯಾವ ವರ್ಷವೂ ಯಾರೂ ಬಾಯಿ ತೆರೆಯದ ಪ್ರಶ್ನೆ ಅದು. ಜಗನ್ನಾಥ ಕೈ ಎತ್ತಿದ.

ಆಸ್ಪತ್ರೆಯ ಇಂಗ್ಲಿಷಿನಲ್ಲಿ, ಆಸ್ಪತ್ರೆಯ ದನಿಯಲ್ಲಿ ಹೇಳಿದ. ತನ್ನ ಪತ್ನಿ ಇತ್ತೀಚೆಗೆ ಪ್ರಜ್ಞೆ ತಪ್ಪಿ ಬಿದ್ದಿದ್ದಾಳೆ, ವೈದ್ಯನಾಗಿ ಸುಮ್ಮನಿರಲಾರೆ ಎಂದ. ಉಪವಾಸದ ಸುದ್ದಿಯನ್ನೇ ಎತ್ತಲಿಲ್ಲ. ಗಂಡನಿಗೆ ಹೇಳಿದ್ದನ್ನು ಡಾಕ್ಟರು ಊರ ಮುಂದೆ ಹೇಳಿಬಿಟ್ಟಿದ್ದರು.

“ಬಿದ್ದದ್ದು ನಿಜವಾ, ಡಿಯರ್?” ಬ್ರೆಂಡಾ ಮೆತ್ತಗೆ ಕೇಳಿದಳು.

ಕೃಷ್ಣವೇಣಿ ಬಾಯಿ ತೆರೆದಳು. ಏಕಾದಶಿ ಎಂದರೇನು ಎಂಬಲ್ಲಿಂದ ಶುರು ಮಾಡಬೇಕು. ಅಷ್ಟು ವಿವರಿಸುವ ಹೊತ್ತಿಗೆ ಅದು ನೆಪದಂತೆ ಕೇಳಿಸುತ್ತದೆ. “ಕೂತದ್ದು ನಿಜ” ಎಂದಳು. ಹೆಲ್ಮೆಟ್ಟನ್ನು ಬ್ರೆಂಡಾಳೇ ಅವಳ ಕೈಯಿಂದ ತೆಗೆದುಕೊಂಡಳು.

ಶೆಡ್ಡಿನ ಹಿಂದೆ ಗಂಡ ಸಿಕ್ಕಿದ.

“ಏನಾಗಿಲ್ಲ ಅಂತ ನೀವಽ ಅಂದ್ರಿ.”

“ಮನಿಯೊಳಗ ಅನ್ನೋದು ಬ್ಯಾರೆ. ಇಲ್ಲೆ ಏನರ ಆದ್ರ?”

“ಕಾರಿನ್ಯಾಗ ಬರೋ ಮುಂದ ಬಾಯಿ ಇರಲಿಲ್ಲೇನು?”

“ಹೇಳಿದ್ರ ನೀ ಕೇಳ್ತಿದ್ದಿಲ್ಲ.”

“ಉಪವಾಸ ಇದ್ಲು ಅನ್ನೋದನ್ನರ ಹೇಳಬೇಕಿತ್ತು.”

“ಅವರಿಗೆ ಏಕಾದಶಿ ಎಲ್ಲಿ ತಿಳಿಸ್ಕೋತ ಕೂಡ್ಲಿ?” ಎನ್ನುತ್ತ ಅವನು ಕೋಟಿನ ಗುಂಡಿ ಬಿಚ್ಚಿದ.

ಫೋಟೋ ತೆಗೆಯಲಷ್ಟೇ ಬರುತ್ತೇನೆ ಎಂದು ಬೆಳಿಗ್ಗೆ ಹೇಳಿದ್ದವನು. ಕೋಟು, ಪ್ಯಾಂಟುಗಳೊಳಗೆ, ಕತ್ತಿನಿಂದ ಪಾದದವರೆಗೆ, ದೋಣಿ ಓಡಿಸುವಾಗ ತೊಡುವ ಕರಿ ಸೂಟು ಇತ್ತು. ಅವಳು ಉಪ್ಪಿಟ್ಟು ಬಡಿಸುತ್ತಿದ್ದಾಗಲೂ ಅದು ಅಲ್ಲೇ ಇತ್ತು.

ಅವನಿಗೆ ದೋಣಿ ಬೇಕಿದ್ದರೆ, “ವೇಣಿ, ಈ ಸಲ ನನಗ ಬಿಡು” ಎಂದು ಕೇಳಬಹುದಿತ್ತು. ಬಿಟ್ಟೂ ಬಿಡುತ್ತಿದ್ದಳೇನೋ. ಮೂವತ್ತು ವರ್ಷದಲ್ಲಿ ಬಿಟ್ಟದ್ದು ಒಂದೇ ಎರಡೇ.

ಇಂಜಿನ್ ಹೊತ್ತುವವರೆಗೆ ದೋಣಿಯ ಹಿಂಭಾಗ ಹಿಡಿದು ನಿಲ್ಲುವುದು ಮೊದಲಿಂದಲೂ ಅವಳದೇ ಕೆಲಸ. ಬೇರೆಯವರು ಮುಂದೆ ಬಂದರೂ ಬಿಡದೆ ಸೊಂಟದುದ್ದ ನೀರಿಗಿಳಿದಳು. ಜಗನ್ನಾಥ ದೋಣಿಯೊಳಗೆ ಮಂಡಿಯೂರಿ ಕೂತ. ಇಂಜಿನ್ ಕೂಗಿತು. ಅವನು ಕೈ ಬೀಸಿದ, ಅವಳು ಬಿಟ್ಟಳು. ತಾನು ಉಜ್ಜಿ ಉಜ್ಜಿ ನುಣುಪಾಗಿಸಿದ ತಳ ನೀರು ಬಿಟ್ಟು ಏಳುವುದನ್ನು ನೋಡಿದಳು. ಆಮೇಲೆ ನೋಡಲಿಲ್ಲ, ಬೆನ್ನು ತಿರುಗಿಸಿ ದಡ ಹತ್ತಿದಳು. ಚಪ್ಪಾಳೆ ಕೇಳಿಸಿತು.

ಮನೆಗೆ ಮರಳುವಾಗ ಕಾರಿನಲ್ಲಿ ಅವನು ಕೆರೆಯ ಮೇಲಿನ ತಿರುವುಗಳನ್ನೆಲ್ಲ ಮತ್ತೊಮ್ಮೆ ತಿರುಗಿಸಿ ಹೇಳಿದ. ಸಿಗ್ನಲ್ಲಿನಲ್ಲಿ ನಿಂತಾಗ ಅವಳ ಕಡೆ ನೋಡಿದ.

“ಅರಿವಿ ಇನ್ನೂ ಹಸಿ ಅದಾವಲ್ಲ. ಥಂಡಿ ಆತೇನು?”

“ಇಲ್ಲ.”

“ಏನರ ತ್ರಾಸ ಇದ್ರ ನನಗ ಹೇಳಬೇಕ ನೋಡು.”

“ನಿಮಗ ಅಂದ್ರ ಯಾರಿಗೆ?”

ತಮಾಷೆಯೆಂದುಕೊಂಡು ಅವನು ಗಟ್ಟಿಯಾಗಿ ನಕ್ಕ. ಕೃಷ್ಣವೇಣಿ ಕೈಗಳನ್ನು ಶಾಲಿನೊಳಕ್ಕೆ ಎಳೆದುಕೊಂಡಳು.