ದೇವರ ಗೂಡಿನಲ್ಲಿದ್ದ ಕೀ

ಕಾರು ಅಂದಮೇಲೆ ಕೀ ಹಾಕಿ ತಿರುಗಿಸಲು ಒಂದು ತೂತು ಬೇಡವೇ? ಮಗ ಹೇಮಂತ್ ತಂದ ಕಾರಿನಲ್ಲಿ ಅದು ಇರಲಿಲ್ಲ. ರುಕ್ಮಿಣಮ್ಮನಿಗೆ ಮೊದಲ ದಿನದಿಂದಲೇ ಆ ಕಾರಿನ ಮೇಲೆ ಅನುಮಾನ. ತಿಪಟೂರಿನವರು ಯಾರೋ ಮಾರಿದ ಸೆಕೆಂಡ್‌ಹ್ಯಾಂಡ್ ಗಾಡಿ ಅದು. ಬೆಂಕಿಪೆಟ್ಟಿಗೆಯಷ್ಟಿರುವ ಕರಿ ಪ್ಲಾಸ್ಟಿಕ್ಕಿನದೊಂದು ಜೇಬಿನಲ್ಲಿದ್ದರೆ ಸಾಕಂತೆ, ಬಾಗಿಲು ತೆರೆದುಕೊಳ್ಳುತ್ತದಂತೆ. ಒಳಗೆ ಕೂತು ಗುಂಡಿ ಒತ್ತಿದರೆ ಹೊರಡುತ್ತದಂತೆ.

"ಇದೇ ಕೀನಾ?" ಎಂದು ಮೂರು ಸಲ ಕೇಳಿದಳು.

"ಇದೇ ಕಣಮ್ಮ. ಎರಡಿದ್ವಂತೆ, ಒಂದನ್ನ ಅವ್ರು ಕಳ್ಕೊಂಡವ್ರೆ. ಇರೋದು ಇದೊಂದೇ" ಅಂದ ಹೇಮಂತ್.

ಅಲ್ಲಿಗೆ ಹೊಸ ತಲೆನೋವು ಶುರುವಾಯಿತು. ಕಣಕಟ್ಟೆಯ ಅವರ ಮನೆಗೆ ಯಾವ ಗಾಡಿ ಬಂದರೂ ಎರಡು ಕೀ ಇರಬೇಕು, ಒಂದು ಓಡಾಡುವುದಕ್ಕೆ, ಒಂದು ದೇವರ ಗೂಡಿಗೆ. ಗೂಡಿನಲ್ಲಿ ಒಂದು ಕೀ ಇದ್ದರೆ ಹೋದ ಗಾಡಿಯೂ ಅದರೊಳಗೆ ಕೂತವರೂ ನೆಟ್ಟಗೆ ಮನೆಗೆ ಬರುತ್ತಾರೆ. ಇದು ಅವಳ ಅತ್ತೆಯ ಕಾಲದಿಂದ ನಡೆದುಬಂದದ್ದು. ಟಿಲ್ಲರ್ ಬಂದಾಗಲೂ ಹಾಗೇ ಮಾಡಿದ್ದರು, ಬೈಕ್ ಬಂದಾಗಲೂ ಹಾಗೇ. ಈಗ ಇರುವುದೊಂದನ್ನು ದೇವರಿಗಿಟ್ಟರೆ ಮಗ ಕೊಬ್ಬರಿ ಮಂಡಿಗೆ ಹೋಗುವುದು ಹೇಗೆ?

ಎರಡು ದಿನ ಯೋಚನೆ ಮಾಡಿದಳು. ಮೂರನೇ ದಿನ ಕುಂಕುಮ ಹಚ್ಚಲು ಆ ಪ್ಲಾಸ್ಟಿಕ್ಕನ್ನು ಕೈಗೆ ತೆಗೆದುಕೊಂಡಾಗ ಪಕ್ಕದಲ್ಲೊಂದು ಸಣ್ಣ ಗುಂಡಿ ಸಿಕ್ಕಿತು. ಒತ್ತಿದರೆ ಒಳಗಿನಿಂದ ಬೆರಳುದ್ದದ ಕಬ್ಬಿಣದ ಕೀ ಜಾರಿಬಂತು. ಅಯ್ಯೋ ಇವಳ ಖುಷಿಯೇ! ನಿಜವಾದ ಕೀ ಇದೇ ತಾನೇ, ಉಳಿದದ್ದು ಬರೀ ಪ್ಲಾಸ್ಟಿಕ್. ಅರಿಶಿನದ ದಾರ ಕಟ್ಟಿ ಗೂಡಿನೊಳಗಿಟ್ಟಳು. ಮಾರನೇ ದಿನ ಕಾರು ಅದಿಲ್ಲದೆಯೂ ಎಂದಿನಂತೆ ಹೊರಟಿತು. ಸರಿಹೋಯ್ತಲ್ಲ, ಯಾರಿಗೂ ಹೇಳುವ ಅಗತ್ಯವೇ ಕಾಣಲಿಲ್ಲ. ನೋಡಿದ್ದು ಮೊಮ್ಮಗಳು ಬಿಂದುಶ್ರೀ ಒಬ್ಬಳೇ, ಐದು ವರ್ಷದವಳು.

"ಅದ್ಯಾಕಜ್ಜಿ ಅಲ್ಲಿಡ್ತೀಯ?"

"ಇದು ಇಲ್ಲಿದ್ರೆ ಹೋದೋರು ವಾಪಸ್ ಬತ್ತಾರೆ ಕಣವ್ವ. ಯಾರ್ಗೂ ಹೇಳ್ಬೇಡ."

ಅಂದಿನಿಂದ ಶುಕ್ರವಾರ ಬಂತೆಂದರೆ ಮೊಳೆಗೆ ನೇತುಹಾಕಿದ ಆ ಕರಿ ಪ್ಲಾಸ್ಟಿಕ್ಕಿಗೂ ಕುಂಕುಮ, ಮೇಲೆ ನಾಲ್ಕು ಹನಿ ಎಳನೀರು. ಎಂಟು ತಿಂಗಳು ತಪ್ಪದೆ ಮಾಡಿದಳು.

ಮಾಡದೆ ಏನು ಮಾಡಿಯಾಳು? ಸೊಸೆ ನಯನಾ ಆರು ವರ್ಷದಿಂದ ರಾಯಚೂರು ಕಡೆ ಒಂದು ಹಳ್ಳಿ ಶಾಲೆಯಲ್ಲಿ ಟೀಚರ್. ರಜೆಗೆ ಬರುವುದು, ಅಳುತ್ತಾ ಹೋಗುವುದು. ಹೇಮಂತ್ ಅದೇ ಕಾರಿನಲ್ಲಿ ಅವಳನ್ನು ಅರಸೀಕೆರೆ ಸ್ಟೇಷನ್ನಿಗೆ ಬಿಟ್ಟುಬರುತ್ತಿದ್ದ. ಹೊರಡುವ ದಿನ ಬಿಂದು ಅಮ್ಮನ ಚಪ್ಪಲಿ ಬಚ್ಚಿಡುತ್ತಿದ್ದಳು, ರಾಗಿ ಪಿಪಾಯಿ ಹಿಂದೆ, ಇಲ್ಲವೇ ತೆಂಗಿನಮಟ್ಟೆ ರಾಶಿಯಲ್ಲಿ. ಹುಡುಕಿ ಕೊಡುವ ಪಾಪದ ಕೆಲಸ ರುಕ್ಮಿಣಮ್ಮನದು. ಹೋದ ಸಲ ಚಪ್ಪಲಿ ಕೊಟ್ಟಾಗ ಮಗು ಎರಡು ದಿನ ಅಜ್ಜಿಯ ಕೈಯಲ್ಲಿ ಊಟ ಮಾಡಿರಲಿಲ್ಲ.

ಈಗ ವರ್ಗಾವಣೆಗೆ ನಯನಾಳ ಹೆಸರು ಬಂದಿತ್ತು. ಹಾಸನದಲ್ಲಿ ಕೌನ್ಸೆಲಿಂಗ್. ಅವಳ ನಂಬರು ಕೂಗುವುದು ಮಧ್ಯಾಹ್ನ ಒಂದೂವರೆಗೆ. ಮಾರ್ಕ್ಸ್ ಕಾರ್ಡು, ನೇಮಕಾತಿ ಆದೇಶ ಎಲ್ಲವೂ ಅಸಲು ತೋರಿಸಬೇಕು. ಕೂಗಿದಾಗ ಇಲ್ಲದಿದ್ದರೆ ಮುಂದಿನವರನ್ನು ಕರೆಯುತ್ತಾರೆ, ಇವಳು ಮತ್ತೆ ರಾಯಚೂರಿನ ರೈಲು ಹತ್ತಬೇಕು.

ಅರಸೀಕೆರೆಯಿಂದ ನೆಟ್ಟಗೆ ಹಾಸನಕ್ಕೆ ಹೋಗಿದ್ದರೆ ಮುಗಿಯುತ್ತಿತ್ತು. ಹಳೇಬೀಡಿಗೆ ಹೋಗಿಯೇ ಹೋಗಬೇಕೆಂದು ಹಟ ಹಿಡಿದವಳು ರುಕ್ಮಿಣಮ್ಮ. ಅಲ್ಲಿ ಭಾಷ್ಯಂ ಅಂತ ಒಬ್ಬರಿದ್ದರು, ಶಿಕ್ಷಣ ಇಲಾಖೆಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಯಾವ ಶಾಲೆ ಖಾಲಿ, ಯಾವುದನ್ನು ಕೇಳಬೇಕು ಎಲ್ಲ ಅವರಿಗೆ ಬಾಯಿಪಾಠ. "ಫೋನ್ ಮಾಡಿದ್ರೆ ಸಾಕಲ್ವ ಅತ್ತೆ" ಅಂದಳು ನಯನಾ. "ಫೋನಲ್ಲಿ ಅರ್ಧ ಹೇಳ್ತಾರೆ. ಹತ್ತು ತೆಂಗಿನಕಾಯಿ ಇಟ್ಕೊಂಡು ಹೋದ್ರೆ ಪೂರ್ತಿ ಹೇಳ್ತಾರೆ" ಅಂದಳು ಅತ್ತೆ.

ಅವತ್ತು ಬೆಳಿಗ್ಗೆಯೂ ನಯನಾಳ ಚಪ್ಪಲಿ ನಾಪತ್ತೆ. ಪಿಪಾಯಿ ಹಿಂದೆ ಇಲ್ಲ, ಮಟ್ಟೆ ರಾಶಿಯಲ್ಲಿ ಇಲ್ಲ. ಬಿಂದು ತಾತ ರಾಮಣ್ಣನ ತೊಡೆಯ ಮೇಲೆ ಬಾಯಿ ಬಿಗಿದು ಕೂತಿದ್ದಳು. ಹೊತ್ತಾಯಿತೆಂದು ನಯನಾ ಅತ್ತೆಯ ಹಳೇ ಹವಾಯಿ ಚಪ್ಪಲಿ ಮೆಟ್ಟಿಕೊಂಡೇ ಹೊರಟಳು. ತೆಂಗಿನಕಾಯಿ ಚೀಲ ಹಿಡಿದು ರುಕ್ಮಿಣಮ್ಮನೂ ಹಿಂದಿನ ಸೀಟಿಗೆ ಹತ್ತಿದಳು.

ಜಾವಗಲ್ ದಾಟುವಾಗ ಸ್ಟೇರಿಂಗ್ ಹಿಂದೆ ಹಳದಿ ಅಕ್ಷರ ಮೂಡಿತು.

"ಕೀ ಬ್ಯಾಟರಿ ಲೋ ಅಂತ ಬರ್ತಿದೆ ಕಣ್ರೀ" ಅಂದಳು ನಯನಾ.

"ಒಂದು ತಿಂಗಳಿಂದ ಬತ್ತಾ ಐತೆ. ಓಡ್ತಾ ಐತಲ್ಲ" ಅಂದ ಹೇಮಂತ್. ಗಂಡಸರ ಜಾತಿಯೇ ಹಾಗೆ, ಪೂರ್ತಿ ನಿಲ್ಲುವವರೆಗೂ ಓಡುತ್ತಿದೆ ಅಂತಲೇ ಅವರ ಲೆಕ್ಕ.

ಹಳೇಬೀಡಿನ ಕೆರೆ ಏರಿ ಹತ್ತಿರ, ಭಾಷ್ಯಂ ಮನೆ ಮುಂದಿನ ಹೊಂಗೆ ಮರದ ಕೆಳಗೆ ಕಾರು ನಿಲ್ಲಿಸಿದರು. ನಯನಾ ಜೆರಾಕ್ಸ್ ಪ್ರತಿಗಳನ್ನು ಮಾತ್ರ ತೆಗೆದುಕೊಂಡಳು. ಅಸಲು ಫೈಲು ಹಿಂದಿನ ಸೀಟಿನಲ್ಲೇ ಭದ್ರವಾಗಿರಲಿ ಎಂದು ಬಿಟ್ಟಳು. ಹೇಮಂತ್ ಬಾಗಿಲ ಹಿಡಿಯ ಗುಂಡಿ ಒತ್ತಿದ, ಕಾರು ಕಿರ್ರ್ ಅಂತ ಸಣ್ಣ ದನಿ ಮಾಡಿ ಬೀಗ ಹಾಕಿಕೊಂಡಿತು. ಆ ಕೀಯೊಳಗಿನ ಸೆಲ್ಲು ಮಾಡಿದ ಕೊನೆಯ ಕೆಲಸ ಅದು.

ಭಾಷ್ಯಂ ನಿಜಕ್ಕೂ ಪೂರ್ತಿ ಹೇಳಿದರು. ಕಣಕಟ್ಟೆಯಿಂದ ನಾಲ್ಕೇ ಕಿಲೋಮೀಟರ್ ದೂರದ ಶಾಲೆಯೊಂದು ಖಾಲಿ ಇತ್ತು. ಅವರ ಹೆಂಡತಿ ಕೋಮಲವಲ್ಲಿ ಕಾಫಿ ಕೊಟ್ಟರು. ಹನ್ನೊಂದೂಕಾಲಿಗೆ ಹೊರಬಂದರೆ ಕಾರು ಬಾಗಿಲು ತೆರೆಯಲಿಲ್ಲ. ಹೇಮಂತ್ ಕೀಯನ್ನು ಬಾಗಿಲಿಗೆ ಒತ್ತಿ ಹಿಡಿದ, ಬಿಸಿಲಿಗೆ ಹಿಡಿದ, ಅಂಗೈಯಲ್ಲಿ ಉಜ್ಜಿದ, ಬಾಯಿಂದ ಊದಿದ. ಏನೂ ಆಗಲಿಲ್ಲ. ಗಾಜಿನಾಚೆ ಫೈಲು ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು.

ಬಸ್‌ಸ್ಟ್ಯಾಂಡ್ ಹತ್ತಿರ ವಾಚ್ ರಿಪೇರಿ ಮಾಡುವ ಏಕಾಂತಯ್ಯನನ್ನು ಭಾಷ್ಯಂ ಕರೆಸಿದರು. ಆತ ಹೊಸ ಸೆಲ್ಲು ಹಿಡಿದುಕೊಂಡೇ ಬಂದ. ಕೀಯ ಹೊಟ್ಟೆ ಬಿಚ್ಚಿ, ಕಣ್ಣಿನ ಹತ್ತಿರ ಹಿಡಿದು ನೋಡಿದ.

"ಏನ್ ಸಾರ್, ಇದಕ್ಕೆ ಎಳನೀರು ಗಿಳನೀರು ಕುಡಿಸಿದ್ದೀರಾ?" ಅಂದ.

ಒಳಗೆಲ್ಲ ಹಸಿರು ಕಿಲುಬು, ಅದರ ನಡುವೆ ಕೆಂಪು ಪುಡಿ. ಸೆಲ್ಲು ಹಿಡಿದುಕೊಳ್ಳುವ ತಗಡು ಮುಟ್ಟಿದರೆ ಕಿತ್ತು ಬಂತು. "ಇದು ಇಲ್ಲಿ ಆಗೋ ಕೆಲಸ ಅಲ್ಲ. ಆದರೆ ಸೆಲ್ ಸತ್ತರೂ ಇರಲಿ ಅಂತ ಇದರೊಳಗೇ ಒಂದು ಕಬ್ಬಿಣದ ಕೀ ಕೊಟ್ಟಿರ್ತಾರೆ. ಬಾಗಿಲ ಹಿಡಿ ಪಕ್ಕದ ಮುಚ್ಚಳ ತೆಗೆದರೆ ಅದಕ್ಕೆ ತೂತು ಇರುತ್ತೆ. ನಿಮ್ಮದರಲ್ಲಿ ಆ ಕೀನೇ ಇಲ್ಲವಲ್ಲ?"

ರುಕ್ಮಿಣಮ್ಮ ಒಂದು ಹೆಜ್ಜೆ ಹಿಂದೆ ಸರಿದಳು.

ಹೇಮಂತನ ಮುಖ ಕೆಂಪಾಯಿತು. "ಆ ತಿಪಟೂರಿನೋನು! ಕೀ ಕಿತ್ಕೊಂಡು ಗಾಡಿ ಮಾರವ್ನೆ ನೋಡಿ" ಎಂದವನೇ ಫೋನು ಹಚ್ಚಿದ. ಆ ಕಡೆಯ ಮನುಷ್ಯ ಇಲ್ಲ ಸಾರ್, ಒಳಗೇ ಇತ್ತು ಸಾರ್ ಅನ್ನುತ್ತಿದ್ದಾನೆ, ಇವನು ಬಾಯಿಗೆ ಬಂದಂತೆ ಬೈಯುತ್ತಿದ್ದಾನೆ. ರುಕ್ಮಿಣಮ್ಮ ಸೆರಗಿನ ತುದಿ ಸುತ್ತುತ್ತಾ ನಿಂತಳು. ಹೇಳಿದರೆ ಸೊಸೆಯ ಮುಂದೆ, ಭಾಷ್ಯಂ ದಂಪತಿಗಳ ಮುಂದೆ ಮಾನ ಹೋಗುತ್ತದೆ. ಹೇಳದಿದ್ದರೆ? ಯಾರಿಗೂ ಗೊತ್ತಾಗುವುದೂ ಇಲ್ಲ. ಒಂದು ಗಳಿಗೆ, ಒಂದೇ ಗಳಿಗೆ, ಸುಮ್ಮನಿದ್ದುಬಿಡೋಣ ಅನ್ನಿಸಿತು. ಆಮೇಲೆ ನಯನಾಳ ಕಾಲು ಕಂಡಿತು. ಅದರಲ್ಲಿ ತನ್ನದೇ ಸವೆದ ಹವಾಯಿ.

"ಫೋನ್ ಇಡ್ಲಾ" ಅಂದಳು ಮಗನಿಗೆ. "ಅವರ್ನ ಬೈಬೇಡ. ಆ ಕೀ ನಮ್ಮ ದೇವರ ಗೂಡ್ನಾಗೈತೆ. ನಾನೇ ತೆಗ್ದಿಟ್ಟಿದ್ದು. ಎಳನೀರೂ ನಾನೇ ಹಾಕಿದ್ದು."

ಹೇಮಂತ್ ಫೋನಿಗೆ "ಸಾರಿ ಸಾರ್" ಅಂದು ಜೇಬಿಗೆ ಹಾಕಿಕೊಂಡ. ಏಕಾಂತಯ್ಯ ತನ್ನ ಪುಟ್ಟ ತಿರುಪುಳಿಯನ್ನು ಒರೆಸುತ್ತಾ ಬೇರೆ ಕಡೆ ನೋಡಿದ. ನಯನಾ ಅತ್ತೆಯನ್ನೇ ನೋಡಿದಳು, ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಗಂಟೆ ಹನ್ನೆರಡಾಗುತ್ತಿತ್ತು. ಅಪ್ಪನಿಂದ ಆ ಕೀ ತರಿಸೋಣ ಎಂದ ಹೇಮಂತ್. ಕಣಕಟ್ಟೆಯಿಂದ ಯಾರೇ ಬೈಕಿನಲ್ಲಿ ಬಂದರೂ ಇಲ್ಲಿಗೇ ಒಂದೂವರೆ ದಾಟುತ್ತದೆ. ಬೀಗ ತೆಗೆಯುವವರು ಹಾಸನದಿಂದ ಬರಬೇಕು. "ನಾನು ಬಸ್ಸಲ್ಲಿ ಹೋಗಿ ಜೆರಾಕ್ಸ್ ತೋರಿಸ್ತೀನಿ, ಕೇಳಿ ನೋಡ್ತೀನಿ" ಅಂದಳು ನಯನಾ. ಭಾಷ್ಯಂ ತಲೆಯಾಡಿಸಿದರು. "ಅಸಲು ಇಲ್ಲದೆ ಕೂರಿಸೋದಿಲ್ಲಮ್ಮ. ನಾನೇ ಎಷ್ಟೋ ಜನರನ್ನ ವಾಪಸ್ ಕಳಿಸಿದ್ದೀನಿ."

"ಗಾಜು ಒಡೆದುಬಿಡ್ರೋ ಮತ್ತೆ" ಅಂದರು ಕೋಮಲವಲ್ಲಿ ಮೆಲ್ಲಗೆ.

ಹೇಮಂತ್ ಅಮ್ಮನ ಮುಖ ನೋಡಿದ. ಅವನಿಗೂ ಆ ಯೋಚನೆ ಬಂದಿತ್ತು, ಬಾಯಿಬಿಟ್ಟಿರಲಿಲ್ಲ ಅಷ್ಟೇ. ಕಾರಿಗೆ ಕಾಲು ತಾಗಿದರೂ ಮುಟ್ಟಿ ನಮಸ್ಕಾರ ಮಾಡು ಅನ್ನುವವಳು ಅವನಮ್ಮ. ಬಾಗಿಲು ಜೋರಾಗಿ ಹಾಕಿದರೆ ಅರ್ಧ ದಿನ ಗೊಣಗುವವಳು. ಮನೆಗೆ ಬಂದ ಲಕ್ಷ್ಮಿಗೆ ಕಲ್ಲು ಹೊಡೆಯುವುದು ಅಂದರೆ? ನಯನಾಳೂ ಅದಕ್ಕೇ ಕೇಳಲಿಲ್ಲ. ಇಬ್ಬರೂ ತನಗೆ ಹೆದರಿ ನಿಂತಿದ್ದಾರೆ ಅನ್ನುವುದು ರುಕ್ಮಿಣಮ್ಮನಿಗೆ ಆಗ ಗೊತ್ತಾಯಿತು, ತನ್ನ ಮೇಲೆ ತನಗೇ ಕೋಪ ಬಂತು.

ಹೊಂಗೆ ಮರದ ಬುಡದಿಂದ ಎರಡು ಮುಷ್ಟಿಯಷ್ಟು ದೊಡ್ಡ ಕಲ್ಲೊಂದನ್ನು ಎತ್ತಿಕೊಂಡಳು. ಎಡಗೈಯಿಂದ ಕಾರಿನ ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ಅಮ್ಮ, ಕೊಡು, ನಾನ್ ಹೊಡಿತೀನಿ" ಎಂದು ಹೇಮಂತ್ ಓಡಿಬಂದ.

"ತಪ್ಪು ನಂದು. ಅತ್ಲಾಗ್ ನಿಂತ್ಕ."

ಮೊದಲ ಏಟಿಗೆ ಕಲ್ಲು ಪುಟಿದು ವಾಪಸ್ ಬಂತು. "ಮಧ್ಯಕ್ಕಲ್ಲ ಅಮ್ಮ, ಮೂಲೆಗೆ" ಅಂದ ಏಕಾಂತಯ್ಯ. ಎರಡನೇ ಏಟಿಗೆ ಹಿಂದಿನ ಬಾಗಿಲ ಗಾಜು ಉಪ್ಪು ಸುರಿದಂತೆ ಸುರಿಯಿತು. ಹೇಮಂತ್ ಕೈ ತೂರಿಸಿ ಒಳಗಿನ ಹಿಡಿ ಎಳೆದ. ಬಾಗಿಲು ತೆರೆದದ್ದೇ ತಡ, ಕಾರು ಬಾಯಿ ಬಡಿದುಕೊಳ್ಳತೊಡಗಿತು. ಶಾಲೆ ಟೂರಿಗೆ ಬಂದ ಬಸ್ಸೊಂದರಿಂದ ಮಕ್ಕಳೆಲ್ಲ ಇಣುಕಿದರು. ನಯನಾ ಫೈಲನ್ನು ಎದೆಗೆ ಅವಚಿಕೊಂಡಳು.

ಆದರೆ ಹಾಸನದ ಬಸ್ಸು ಆಗಷ್ಟೇ ಹೋಗಿತ್ತು. ಹೇಮಂತ್ ಸ್ಟಾರ್ಟ್ ಗುಂಡಿ ಒತ್ತಿ ಒತ್ತಿ ಬೆವರಿದ. ಕೀ ಕಾಣುತ್ತಿಲ್ಲ ಎಂದು ತೋರಿಸುತ್ತಿತ್ತು ಕಾರು. ನಯನಾ ಮುಂದಿನ ಸೀಟಿಗೆ ಬಂದು ಕೂತು ಡ್ಯಾಶ್‌ಬೋರ್ಡ್ ಬಾಗಿಲು ತೆಗೆದು, ಕವರು ಕೂಡ ಹರಿಯದ ದಪ್ಪ ಪುಸ್ತಕ ಎಳೆದಳು. ಕಾರಿನ ಜೊತೆಗೆ ಕೊಡುವ ಪುಸ್ತಕ. ತಿಪಟೂರಿನವರೂ ಓದಿರಲಿಲ್ಲ, ಇವನೂ ಓದಿರಲಿಲ್ಲ. ಟೀಚರ್ ಅಲ್ಲವೇ, ಆ ಗಲಾಟೆಯಲ್ಲೂ ಪುಟ ತಿರುವಿ ಬೆರಳಿಟ್ಟು ಓದಿದಳು.

"ಕೀ ಬ್ಯಾಟರಿ ಸತ್ತರೆ ಕೀಯನ್ನೇ ಸ್ಟಾರ್ಟ್ ಗುಂಡಿಗೆ ಮುಟ್ಟಿಸಿ ಹಿಡಿದು, ಬ್ರೇಕ್ ತುಳಿದು, ಅದರಿಂದಲೇ ಒತ್ತಬೇಕಂತೆ. ಬ್ಯಾಟರಿ ಇಲ್ಲದಿದ್ದರೂ ಹತ್ತಿರ ಹಿಡಿದರೆ ಗುರುತು ಹಿಡಿಯುತ್ತಂತೆ."

ಹೇಮಂತ್ ಹಾಗೇ ಮಾಡಿದ. ಬೊಬ್ಬೆ ನಿಂತಿತು, ಎಂಜಿನ್ ಹತ್ತಿತು.

ಗಾಜಿನ ಚೂರು ಕೊಡವಿ, ಕೋಮಲವಲ್ಲಿ ಕೊಟ್ಟ ಹಳೇ ಬೆಡ್‌ಶೀಟ್ ಹಾಸಿ ರುಕ್ಮಿಣಮ್ಮ ಹಿಂದೆ ಕೂತಳು. ದಾರಿಯುದ್ದಕ್ಕೂ ಗಾಳಿ ಮುಖಕ್ಕೆ ರಾಚುತ್ತಿತ್ತು. ಎಲ್ಲೂ ಎಂಜಿನ್ ಆಫ್ ಮಾಡಬೇಡಿ ಎಂದು ನಯನಾ ಎರಡು ಸಲ ಹೇಳಿದಳು. ಹಾಸನದ ಕಚೇರಿ ಬಾಗಿಲಲ್ಲಿ ಅವಳು ಇಳಿದಾಗ ಒಂದು ಇಪ್ಪತ್ತೈದು. ಹವಾಯಿ ಪಟಪಟ ಬಡಿಯುತ್ತಾ ಮೆಟ್ಟಿಲು ಹತ್ತಿದಳು. ಅತ್ತೆಯ ಕಡೆ ತಿರುಗಿ ನೋಡಲಿಲ್ಲ.

ಆ ಒಂದು ಗಂಟೆ ರುಕ್ಮಿಣಮ್ಮ ನೀರು ಕೂಡ ಕುಡಿಯಲಿಲ್ಲ. ಎರಡೂವರೆಗೆ ನಯನಾ ಬಂದಳು, ಕೈಯಲ್ಲೊಂದು ಹಾಳೆ. ಮುಂದಿನ ಸೀಟಿಗೆ ಹೋಗದೆ ಹಿಂದಿನ ಬಾಗಿಲು ತೆಗೆದು ಅತ್ತೆಯ ಪಕ್ಕ ಕೂತಳು.

"ಸಿಕ್ತು ಅತ್ತೆ. ಅದೇ ಶಾಲೆ. ನಾನು ಬಾಗಿಲಲ್ಲಿ ಕಾಲಿಟ್ಟಾಗ ನನ್ನ ನಂಬರೇ ಕೂಗ್ತಾ ಇದ್ರು."

ರುಕ್ಮಿಣಮ್ಮನಿಗೆ ಅಳು ಬಂತು, ಅತ್ತಳು. ನಯನಾ ಅವಳ ಸೆರಗಿಗೆ ಸಿಕ್ಕಿಕೊಂಡಿದ್ದ ಗಾಜಿನ ಹರಳುಗಳನ್ನು ಒಂದೊಂದಾಗಿ ಆರಿಸಿ ಹೊರಗೆ ಹಾಕುತ್ತಾ ಕೂತಳು.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ರುಕ್ಮಿಣಮ್ಮ ಕಾಲು ತೊಳೆದವಳೇ ದೇವರ ಗೂಡಿಗೆ ಹೋದಳು. ಆ ಕಬ್ಬಿಣದ ಕೀ ಇನ್ನು ಇರಬೇಕಾದ ಜಾಗದಲ್ಲೇ ಇರಲಿ, ಮಗನ ಕೈಗೆ ಕೊಟ್ಟುಬಿಡೋಣ ಎಂದು. ಬಾಗಿಲು ತೆರೆದರೆ ದೀಪದ ಕಂಬದ ಹಿಂದೆ, ಅರಿಶಿನದ ದಾರದ ಕೀ ಪಕ್ಕದಲ್ಲಿ, ನಯನಾಳ ಚಪ್ಪಲಿ ಜೋಡಿ ಇತ್ತು. ಎರಡಕ್ಕೂ ಕುಂಕುಮ ಹಚ್ಚಿತ್ತು.

ಬಿಂದು ಬಾಗಿಲ ಹಿಂದಿನಿಂದ ನೋಡುತ್ತಿದ್ದಳು.

"ಬೈಬೇಡ ಅಜ್ಜಿ" ಅಂದಳು. "ಅಲ್ಲಿಟ್ರೆ ವಾಪಸ್ ಬತ್ತಾರೆ ಅಂತ ನೀನೇ ಅಂದಿದ್ದೆ."

ಹೊಸ್ತಿಲ ಒಳಗೆ ಚಪ್ಪಲಿ ತಂದವರನ್ನು ಯಾವತ್ತೂ ಸುಮ್ಮನೆ ಬಿಟ್ಟವಳಲ್ಲ ರುಕ್ಮಿಣಮ್ಮ. ಕೀಯನ್ನು ಮಾತ್ರ ತೆಗೆದುಕೊಂಡು, ದಾರ ಬಿಚ್ಚಿ, ಸೆರಗಿನಿಂದ ಕುಂಕುಮ ಒರೆಸಿದಳು. ಚಪ್ಪಲಿ ಅದೊಂದು ರಾತ್ರಿ ಅಲ್ಲೇ ಇರಲಿ ಎಂದು ಗೂಡಿನ ಬಾಗಿಲು ಮುಚ್ಚಿದಳು.